ತಂಜಾವೂರಿನ ದೊಡ್ಡ ಗುಡಿಯ ನೆರಳು ನೆಲಕ್ಕೆ ಬೀಳುವುದಿಲ್ಲವೇ?

ಪ್ರಶ್ನೆ: ದಸರಾ ರಜೆಯಲ್ಲಿ ಹಾವೇರಿಯಿಂದ ತಂಜಾವೂರಿಗೆ ಹೊರಟಿದ್ದೇವೆ. ಜೊತೆಗೆ 72 ವರ್ಷದ ತಂದೆ, ಎಂಟನೇ ತರಗತಿ ಓದುವ ಮಗ. ಮಗ ಶಾಲೆಗೆ ಬೃಹದೀಶ್ವರ ದೇವಾಲಯದ ಮೇಲೆ ಪ್ರಾಜೆಕ್ಟ್ ಬರೆಯಬೇಕು. ಅಜ್ಜ ಹೇಳಿದ್ದು, ವಾಟ್ಸ್‌ಆ್ಯಪಿನಲ್ಲಿ ಬಂದದ್ದು ಎರಡನ್ನೂ ಸೇರಿಸಿ ಬರೆದಿದ್ದಾನೆ. ಗೋಪುರದ ನೆರಳು ನೆಲಕ್ಕೆ ಬೀಳುವುದಿಲ್ಲ. ತುದಿಯಲ್ಲಿರುವುದು 80 ಟನ್ನಿನ ಒಂದೇ ಕಲ್ಲು, ಆರು ಕಿಲೋಮೀಟರು ಇಳಿಜಾರು ಕಟ್ಟಿ ಆನೆಗಳಿಂದ ಎಳೆಸಿದರು. ನಂದಿ ಬೆಳೆಯುತ್ತಿತ್ತು, ಮೊಳೆ ಹೊಡೆದು ನಿಲ್ಲಿಸಿದರು. ಲಿಂಗ 12 ಅಡಿ, ಪೀಠ 18 ಅಡಿ, ಗೋಪುರ 216 ಅಡಿ, ಎಲ್ಲ ತಮಿಳು ಅಕ್ಷರಗಳ ಲೆಕ್ಕ. ಅಧಿಕಾರದಲ್ಲಿರುವವರು ಮುಂಬಾಗಿಲಿನಿಂದ ಒಳಗೆ ಹೋದರೆ ಕೇಡು. ಮೇಷ್ಟ್ರು ‘ನೆರಳು ಬೀಳದ ಕಟ್ಟಡ ಭೂಮಿಯ ಮೇಲೆ ಇಲ್ಲ’ ಎಂದು ಕೆಂಪು ಗೆರೆ ಎಳೆದಿದ್ದಾರೆ. ‘ಹಾಗಾದರೆ ಅಜ್ಜ ಹೇಳೋದೆಲ್ಲ ಸುಳ್ಳು’ ಅಂತ ಮಗ, ‘ದೇವರ ವಿಷಯಕ್ಕೆ ಮೇಷ್ಟ್ರ ಲೆಕ್ಕ ಬೇಡ’ ಅಂತ ತಂದೆ. ಯಾವುದು ನಿಜ? ಇಬ್ಬರನ್ನೂ ಕರೆದುಕೊಂಡು ಹೋಗಿ ಅಲ್ಲಿ ಏನು ತೋರಿಸಲಿ?

ಉತ್ತರ: ನೆರಳು ಬೀಳುತ್ತದೆ. ಮೇಷ್ಟ್ರು ಎಳೆದ ಗೆರೆ ಸರಿ. ಆದರೆ ನಿಮ್ಮ ತಂದೆಯವರ ಮಾತು ಬರೀ ಕಲ್ಪನೆಯಲ್ಲಿ ಹುಟ್ಟಿದ್ದಲ್ಲ. ವರ್ಷದ ಅರ್ಧ ಭಾಗ ನಡುಮಧ್ಯಾಹ್ನ ಅಂಗಳದಲ್ಲಿ ನಿಂತವರ ಕಣ್ಣಿಗೆ ಹಾಗೇ ಕಾಣುತ್ತದೆ. ಅದು ಏಕೆಂದು ಗೊತ್ತಾದರೆ ಅಜ್ಜ, ಮೊಮ್ಮಗ ಇಬ್ಬರೂ ಮುಖ ತಗ್ಗಿಸಬೇಕಾಗಿಲ್ಲ.

ಮೊದಲು ಒಂದು ಪದ ಸರಿಮಾಡಿಕೊಳ್ಳಿ. ತಮಿಳುನಾಡಿನ ಗುಡಿಗಳಲ್ಲಿ ಗೋಪುರ ಎಂದರೆ ಬಾಗಿಲ ಮೇಲಿನದು, ಗರ್ಭಗುಡಿಯ ಮೇಲೆ ಏಳುವುದು ವಿಮಾನ. ಮುಂದಿನ ಕಾಲದ ದೊಡ್ಡ ಕ್ಷೇತ್ರಗಳಲ್ಲಿ ಬಾಗಿಲ ಗೋಪುರಗಳೇ ಎತ್ತರ, ವಿಮಾನ ಚಿಕ್ಕದು. ತಂಜಾವೂರಿನಲ್ಲಿ ಅದು ತಲೆಕೆಳಗು. ಇಲ್ಲಿಯ ವಿಮಾನ 13 ನೆಲೆಗಳದು, ಸುಮಾರು 60 ಮೀಟರು ಎತ್ತರ. ಬುಡ ಸುಮಾರು 30 ಮೀಟರಿನ ಚೌಕ. ನೆರಳಿನ ಗುಟ್ಟೆಲ್ಲ ಈ ಎರಡು ಅಂಕಿಗಳಲ್ಲಿದೆ.

ತುದಿಯಿಂದ ನೇರ ಕೆಳಗೆ ನೂಲು ಬಿಟ್ಟರೆ ಅದು ಬುಡದ ನಡುವಿಗೆ ಬರುತ್ತದೆ. ಅಲ್ಲಿಂದ ಹೊರಗೋಡೆಗೆ 15 ಮೀಟರು. ಹಾಗಾಗಿ ತುದಿಯ ನೆರಳು ನಡುವಿನಿಂದ 15 ಮೀಟರು ದಾಟಿ ಚಾಚಿದರೆ ಮಾತ್ರ ನೆಲಕ್ಕೆ ಬೀಳುತ್ತದೆ, ಇಲ್ಲದಿದ್ದರೆ ಕಟ್ಟಡದ ಮೈಮೇಲೇ ಉಳಿಯುತ್ತದೆ. ತಂಜಾವೂರು ಸುಮಾರು 10.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಮೂರನೇ ವಾರದಲ್ಲಿ ಮತ್ತು ಆಗಸ್ಟ್ 25ರ ಆಸುಪಾಸಿನಲ್ಲಿ ಅಲ್ಲಿ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಆಗ ವಿಮಾನಕ್ಕಿರಲಿ, ಬೀದಿಯ ದೀಪದ ಕಂಬಕ್ಕೂ ನೆರಳಿಲ್ಲ. ಜೂನ್ 21ಕ್ಕೆ ಲೆಕ್ಕ ಹಾಕಿದರೂ ತುದಿಯ ನೆರಳು ಸುಮಾರು 13.5 ಮೀಟರು ಮಾತ್ರ, ಗೋಡೆ ದಾಟುವುದಿಲ್ಲ. ಹೀಗೆ ಮಾರ್ಚ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ ಮಧ್ಯಾಹ್ನದ ಹೊತ್ತು ತುದಿಯ ನೆರಳು ನೆಲ ಮುಟ್ಟುವುದಿಲ್ಲ. ಡಿಸೆಂಬರ್ 21ಕ್ಕೆ ಬನ್ನಿ: ನೆರಳು 41 ಮೀಟರು ಚಾಚಿ, ಗೋಡೆಯಿಂದ 26 ಮೀಟರು ಆಚೆ ಉತ್ತರದ ಅಂಗಳದಲ್ಲಿ ಬಿದ್ದಿರುತ್ತದೆ.

ಬುಡ ಅಗಲ, ಮೇಲೆ ಹೋದಂತೆ ಕಿರಿದು, ಊರು ಸಮಭಾಜಕದ ಹತ್ತಿರ. ಇಷ್ಟು ಸೇರಿದರೆ ಯಾವ ಕಟ್ಟಡದಲ್ಲೂ ಇದೇ ಆಗುತ್ತದೆ. ಇದಕ್ಕೆಂದೇ ಶಿಲ್ಪಿಗಳು ಏನೋ ರಹಸ್ಯ ಮಾಡಿದರು ಎನ್ನಲು ಆಧಾರವಿಲ್ಲ.

ನೀವು ದಸರಾದಲ್ಲಿ ಹೋಗುತ್ತಿರುವುದರಿಂದ ಒಂದು ಎಚ್ಚರಿಕೆ. ಅಕ್ಟೋಬರ್ 10ರ ಸುಮಾರಿಗೆ ಮಧ್ಯಾಹ್ನದ ನೆರಳು ಗೋಡೆಯಿಂದ ಹತ್ತು-ಹನ್ನೆರಡು ಅಡಿಯಷ್ಟೇ ಹೊರಗೆ ಬರುತ್ತದೆ. ಆ ಹೊತ್ತಿಗೆ ಪರೀಕ್ಷೆಗೆ ನಿಂತರೆ ಜಗಳ ಇನ್ನಷ್ಟು ಹೆಚ್ಚುತ್ತದೆ, ಕಾದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ತಂದೆಯವರ ಪಾದವೂ ಸುಡುತ್ತದೆ. ಬೆಳಗ್ಗೆ 9ರಿಂದ 10ರೊಳಗೆ ವಿಮಾನದ ಹಿಂಬದಿಗೆ, ಪಶ್ಚಿಮದ ಅಂಗಳಕ್ಕೆ ಹೋಗಿ. ಬಿಸಿಲಿದ್ದರೆ 9ಕ್ಕೆ ತುದಿಯ ನೆರಳು ಸುಮಾರು 65 ಮೀಟರು ಉದ್ದವಾಗಿ ಪ್ರಾಕಾರದ ಸಾಲುಮಂಟಪದವರೆಗೆ ಹೋಗಿರುತ್ತದೆ, 10ಕ್ಕೆ 40 ಮೀಟರಿಗೆ ಕುಗ್ಗಿರುತ್ತದೆ. ಕಲಶದ ನೆರಳಿನ ತುದಿಯಲ್ಲಿ ಮಗನನ್ನು ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಅದು ಎಷ್ಟು ಸರಿಯಿತೆಂದು ಹೆಜ್ಜೆಯಲ್ಲಿ ಅಳೆಯಲಿ. ಪ್ರಾಜೆಕ್ಟಿಗೆ ಒಳ್ಳೆಯ ಪುಟವಾಗುತ್ತದೆ.

ಇನ್ನು ತುದಿಯ ಕಲ್ಲು. ವಿಮಾನದ ನೆತ್ತಿಯ ಎಂಟು ಮೂಲೆಯ ಶಿಖರ ಒಂದೇ ಬಂಡೆಯಲ್ಲ. ಕಡಿದ ತುಂಡುಗಳನ್ನು ಜೋಡಿಸಿ ಕಟ್ಟಿದ್ದು. ಕೆಳಗಿನಿಂದ ನೋಡುವವರಿಗೆ ಸಂದುಗಳು ಕಾಣದ ಕಾರಣ ಒಂದೇ ಕಲ್ಲೆಂಬ ಮಾತು ಉಳಿದುಕೊಂಡಿದೆ. ಒಂದೇ ಕಲ್ಲು ಎಂದ ಮೇಲೆ ಅದನ್ನು ಏರಿಸುವ ಬಗೆಯನ್ನೂ ಹೇಳಬೇಕಲ್ಲ, ಆಗ ಸಾರಪ್ಪಳ್ಳಂ ಎಂಬ ಊರಿನಿಂದ ಆರು ಕಿಲೋಮೀಟರಿನ ಇಳಿಜಾರು ಹುಟ್ಟಿತು. ‘ಸಾರಂ’ ಎಂದರೆ ತಮಿಳಿನಲ್ಲಿ ಸಾರುವೆ, ಕಟ್ಟಡದ ಸುತ್ತ ಕಟ್ಟುವ ಮರದ ಅಟ್ಟಣಿಗೆ. ಊರ ಹೆಸರೇ ಕಥೆಗೆ ಸಾಕ್ಷಿ ಹೇಳಿದಂತಾಯಿತು.

ಮಗನಿಂದಲೇ ಒಂದು ಲೆಕ್ಕ ಮಾಡಿಸಿ. ಉದ್ದ 6,000 ಮೀಟರು, ಕೊನೆಯಲ್ಲಿ ಎತ್ತರ 60 ಮೀಟರು, ಆನೆಗಳು ನಡೆಯಲು ಮೇಲೆ 10 ಮೀಟರು ಅಗಲ. ಮಣ್ಣು ಕುಸಿಯದಿರಲು ಎರಡೂ ಬದಿ 45 ಡಿಗ್ರಿ ಓರೆ ಬಿಡಬೇಕು. ಒಟ್ಟು ಸುಮಾರು 90 ಲಕ್ಷ ಘನ ಮೀಟರು ಮಣ್ಣು. ಇಡೀ ದೇವಾಲಯಕ್ಕೆ ಹಿಡಿದ ಗ್ರಾನೈಟ್ ಸುಮಾರು 1.3 ಲಕ್ಷ ಟನ್ ಎಂಬುದು ರೂಢಿಯಲ್ಲಿರುವ ಅಂದಾಜು. ಅಂದರೆ 50 ಸಾವಿರ ಘನ ಮೀಟರಿನಷ್ಟು. ಗುಡಿಯ ನೂರೈವತ್ತು ಪಟ್ಟಿಗೂ ಹೆಚ್ಚು ಮಣ್ಣನ್ನು ಹೊತ್ತು ಸುರಿದು, ಕೆಲಸ ಮುಗಿದ ಮೇಲೆ ಕುರುಹೂ ಉಳಿಯದಂತೆ ತೆಗೆಯಬೇಕು. ಎಷ್ಟು ಆಳು ಹಾಕಿದರೂ ಇದು ಕೂಡುವ ಮಾತಲ್ಲ. ತುಂಡು ಕಲ್ಲುಗಳಾದರೆ ವಿಮಾನದ ಮೈಗೇ ಅಂಟಿಕೊಂಡು ಸುತ್ತುತ್ತ ಏರುವ ಇಳಿಜಾರು, ಮರದ ಸಾರುವೆ, ಹಗ್ಗ ಇಷ್ಟರಲ್ಲೇ ಕೆಲಸ ಆಗುತ್ತದೆ. ನನ್ನನ್ನು ಕೇಳಿದರೆ ದೊಡ್ಡ ಅಚ್ಚರಿ ಬೇರೆಯೇ ಇದೆ. ತಂಜಾವೂರು ಕಾವೇರಿಯ ಮೆಕ್ಕಲು ಮಣ್ಣಿನ ಸೀಮೆ, ಇಂಥ ಕಲ್ಲು ಅಲ್ಲಿ ಸಿಗುವುದಿಲ್ಲ. ಪ್ರತಿ ಕಲ್ಲೂ ಹತ್ತಾರು ಕಿಲೋಮೀಟರು ದೂರದಿಂದ ಬಂದದ್ದು. ಮತ್ತೊಂದು, ಇಷ್ಟು ಎತ್ತರದ ವಿಮಾನ ಒಳಗೆ ಟೊಳ್ಳು. ಮೇಲಕ್ಕೆ ಹೋದಂತೆ ಒಂದೊಂದು ವರಸೆಯನ್ನೂ ಸ್ವಲ್ಪ ಸ್ವಲ್ಪ ಒಳಕ್ಕೆ ಚಾಚಿ ಮುಚ್ಚುತ್ತ ಹೋಗಿದ್ದಾರೆ.

ಈ ಶಿಖರದ ಕಲ್ಲಿಗೆ ಇನ್ನೊಂದು ಕಥೆ ಇದೆ, ಅದನ್ನು ನಿಮ್ಮ ತಂದೆಯವರು ಕೇಳಿರಲಿಕ್ಕಿಲ್ಲ. ಅಳಗಿ ಎಂಬ ಮುದುಕಿ ಬಿಸಿಲಲ್ಲಿ ದುಡಿಯುವ ಕಲ್ಲುಕುಟಿಗರಿಗೆ ದಿನವೂ ಮಜ್ಜಿಗೆ ಕೊಡುತ್ತಿದ್ದಳಂತೆ. ಅವಳು ಕೊಟ್ಟ ಕಲ್ಲೇ ತುದಿಗೆ ಏರಿತು. ರಾಜ ‘ದೇವರಿಗೆ ನಾನು ಕಟ್ಟಿಸಿದ ಮನೆ’ ಎಂದು ಬೀಗುವಾಗ ಶಿವ ಕನಸಿನಲ್ಲಿ ಬಂದು, ‘ನಾನಿರುವುದು ಮುದುಕಿಯ ನೆರಳಲ್ಲಿ’ ಎಂದನಂತೆ. ಇದು ನಡೆಯಿತೆನ್ನಲು ದಾಖಲೆಯಿಲ್ಲ. ಆದರೂ ನೆನಪಿಟ್ಟುಕೊಳ್ಳಿ, ಗೋಡೆಯ ಮೇಲಿನ ಒಂದು ಸಾಲಿನ ಪಕ್ಕ ಇದನ್ನು ಇಟ್ಟು ನೋಡುವುದಿದೆ.

12, 18, 216ರ ಲೆಕ್ಕವನ್ನು ಪ್ರಾಜೆಕ್ಟಿನಿಂದ ಪೂರ್ತಿ ತೆಗೆಯಿಸಿ. ತಮಿಳಿನಲ್ಲಿ ಸ್ವರ 12, ವ್ಯಂಜನ 18, ಗುಣಿತಾಕ್ಷರ 216 ಎಂಬುದು ನಿಜವೇ. ಆದರೆ ಅಡಿ ಎಂಬ ಈ ಅಳತೆ ಇಂಗ್ಲಿಷರಿಂದ ಬಂದದ್ದು. ಈ ಗುಡಿಯ ಶಾಸನಗಳೇ ವಿಗ್ರಹಗಳ ಎತ್ತರವನ್ನು ಮುಳಂ, ವಿರಲ್‌ಗಳಲ್ಲಿ ಹೇಳುತ್ತವೆ. ನಮ್ಮ ಮೊಳ, ಬೆರಳುಗಳೇ ಅವು. ಚಿನ್ನ ತೂಗಲು ‘ಆಡವಲ್ಲಾನ್’ ಎಂಬ ತೂಕದ ಕಲ್ಲು, ರತ್ನಕ್ಕೆ ‘ದಕ್ಷಿಣಮೇರು ವಿಟಂಕನ್’ ಎಂಬ ಬೇರೆ ಕಲ್ಲು. ಮೊಳದಲ್ಲಿ ಅಳೆದು ಕಟ್ಟಿದವರು ಅಡಿಯಲ್ಲಿ ಅಕ್ಷರ ಎಣಿಸಲು ದಾರಿಯೇ ಇಲ್ಲ.

ಇಂದು ಕಾಣುವ ನಂದಿ ಗುಡಿ ಕಟ್ಟಿಸಿದ ರಾಜರಾಜ ಚೋಳನ ಕಾಲದ್ದಲ್ಲ. 16-17ನೇ ಶತಮಾನದಲ್ಲಿ ತಂಜಾವೂರು ಆಳಿದ ನಾಯಕರ ಕಾಲದ್ದು, ಸುಮಾರು 12 ಅಡಿ ಎತ್ತರದ ಏಕಶಿಲೆ. ಬೆಳೆಯುವ ಕಥೆ ನಮಗೆ ಹೊಸದೇನಲ್ಲ: ಬೆಂಗಳೂರಿನ ಬಸವನಗುಡಿಯ ದೊಡ್ಡ ಬಸವಣ್ಣನೂ ಬೆಳೆಯುತ್ತಿದ್ದ, ತಲೆಯ ಮೇಲೆ ತ್ರಿಶೂಲ ನೆಟ್ಟು ನಿಲ್ಲಿಸಿದರು ಎನ್ನುತ್ತಾರೆ. ಬಸವ ತುಂಬ ದೊಡ್ಡವನಾಗಿ ಕಂಡ ಕಡೆ ಇಂಥ ಕಥೆ ಹುಟ್ಟುವುದುಂಟು. ಮುಂಬಾಗಿಲ ಭಯ ಇನ್ನೂ ಈಚಿನದು. 1984ರಲ್ಲಿ ಪ್ರಧಾನಿ ಇಂದಿರಾ ಗಾಂಧಿ, ತಮಿಳುನಾಡಿನ ಮುಖ್ಯಮಂತ್ರಿ ಎಂ.ಜಿ.ಆರ್. ಇಲ್ಲಿಗೆ ಬಂದುಹೋದರು, ಅದೇ ಅಕ್ಟೋಬರಿನಲ್ಲಿ ಒಬ್ಬರ ಹತ್ಯೆಯಾಯಿತು, ಮತ್ತೊಬ್ಬರು ಹಾಸಿಗೆ ಹಿಡಿದರು. ಎರಡನ್ನೂ ಬಾಗಿಲಿಗೆ ಗಂಟುಹಾಕಿದರು. ಆ ದಾರಿಯಲ್ಲಿರುವ ಹಳೆಯ ಬಾಗಿಲುಗಳ ಹೆಸರು ಕೇರಳಾಂತಕನ್, ರಾಜರಾಜನ್. ಎರಡನ್ನೂ ನಿಶ್ಚಿಂತೆಯಿಂದ ದಾಟಿ ಹೋಗಿ.

ಕರುವೂರ್ ದೇವರ್ ಕಥೆಯನ್ನು ನೀವು ಕೇಳಿಲ್ಲ, ಆದರೆ ಅಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಲಿಂಗ ಪೀಠದಲ್ಲಿ ಎಷ್ಟು ಮಾಡಿದರೂ ಕೂರಲಿಲ್ಲ, ಬಂಧ ಹಿಡಿಯಲಿಲ್ಲ; ಸಿದ್ಧರಾದ ಕರುವೂರ್ ದೇವರ್ ಬಂದು ತಾಂಬೂಲದ ರಸ ಉಗುಳಿದ ಮೇಲೆ ಗಟ್ಟಿಯಾಯಿತು ಎಂದು. ಕರುವೂರ್ ದೇವರ್ ನಿಜವಾಗಿ ಇದ್ದ ಕವಿ, ರಾಜರಾಜೇಶ್ವರ ಎಂಬ ಹಳೆಯ ಹೆಸರಿನ ಇದೇ ಗುಡಿಯ ಮೇಲೆ ಅವರು ಹಾಡಿದ ಪದಿಗ, ಅಂದರೆ ಸ್ತುತಿಪದ್ಯಗಳ ಗುಚ್ಛ, ತಮಿಳು ಶೈವರ ಹಾಡುಗಳ ಸಂಗ್ರಹವಾದ ತಿರುಮುರೈಯ ಒಂಬತ್ತನೇ ಭಾಗದಲ್ಲಿ ಸೇರಿದೆ. ಪವಾಡವನ್ನು ಅಳೆಯುವುದು ನನ್ನ ಕೆಲಸವಲ್ಲ, ಆದರೆ ಅದರ ಹಿಂದಿರುವ ತೊಂದರೆ ಗುಡಿಯ ಕೆಲಸ ಮಾಡುವವರಿಗೆಲ್ಲ ಗೊತ್ತಿರುವಂಥದ್ದು. ಲಿಂಗ ಮತ್ತು ಪೀಠದ ಸಂದಿಗೆ ತುಂಬುವ ಅಷ್ಟಬಂಧಕ್ಕೆ ಎಂಟು ದ್ರವ್ಯ: ಅರಗು, ರಾಳ, ಜೇನುಮೇಣ, ಕಾವಿಕಲ್ಲು, ಸುಣ್ಣಕಲ್ಲಿನ ಪುಡಿ, ಇಂಗಳಿಕ, ಹತ್ತಿ, ಎಮ್ಮೆಯ ಬೆಣ್ಣೆ. ಇವನ್ನು ಬೆಣ್ಣೆ ಸೇರಿಸುತ್ತ ಕುಟ್ಟಿ ಕುಟ್ಟಿ ಹದಕ್ಕೆ ತರಬೇಕು. ಮೇಣ ಹೆಚ್ಚಾದರೆ ಬೇಸಿಗೆಯಲ್ಲಿ ಮೆತ್ತಗಾಗುತ್ತದೆ. ಕುಟ್ಟುವುದು ಕಡಿಮೆಯಾದರೆ ಒಣಗಿ ಬಿರಿಯುತ್ತದೆ, ಬಿರುಕಿನಲ್ಲಿ ಅಭಿಷೇಕದ ನೀರು ಇಳಿಯುತ್ತದೆ. ಮೆತುವಾಗಿರುವಾಗಲೇ ಮೆತ್ತದಿದ್ದರೆ ಕಲ್ಲಿಗೆ ಕಚ್ಚುವುದೇ ಇಲ್ಲ. ಹನ್ನೆರಡು ವರ್ಷಕ್ಕೊಮ್ಮೆ ಕುಂಭಾಭಿಷೇಕ ಎಂಬ ರೂಢಿಗೆ ಇದೂ ಒಂದು ಕಾರಣ. ತಂಜಾವೂರಿನಲ್ಲಿ 2020ರ ಫೆಬ್ರವರಿ 5ರಂದು ಕುಂಭಾಭಿಷೇಕ ನಡೆಯಿತು.

ಇಷ್ಟು ಕಥೆಗಳು ಒಂದೇ ಗುಡಿಗೆ ಏಕೆ ಮುತ್ತಿಕೊಂಡವು? ಕಟ್ಟಿಸಿದವನ ಹೆಸರನ್ನೇ ಜನ ಮರೆತಿದ್ದರು, ಅದೇ ಕಾರಣ. ನಿಮ್ಮ ಮಗನಿಗೆ ಇದೊಂದನ್ನು ತಪ್ಪದೆ ಹೇಳಿ. ಸ್ಥಳಪುರಾಣವಾದ ಬೃಹದೀಶ್ವರ ಮಾಹಾತ್ಮ್ಯದ ಪ್ರಕಾರ ಇದನ್ನು ಕಟ್ಟಿಸಿದವನು ಕುಷ್ಠರೋಗದಿಂದ ನರಳುತ್ತಿದ್ದ ಕರಿಕಾಲನೆಂಬ ಚೋಳ. ವಿದ್ವಾಂಸರೂ ಬೇರೆ ಬೇರೆ ಹೆಸರು ಹೇಳುತ್ತಿದ್ದರು. 1886ರಿಂದ ಈಚೆಗೆ ಹುಲ್ಶ್ ಎಂಬ ಜರ್ಮನ್ ಶಾಸನತಜ್ಞರು ಗೋಡೆಯ ಬರಹಗಳನ್ನು ಓದಿ ತೋರಿಸಿದ ಮೇಲೆಯೇ ರಾಜರಾಜ ಚೋಳನ ಹೆಸರು ಮತ್ತೆ ಬೆಳಕಿಗೆ ಬಂತು. ಹೆಸರು ಎಲ್ಲಿಯೂ ಅಡಗಿರಲಿಲ್ಲ. ಪ್ರದಕ್ಷಿಣೆ ಬರುವವರು ದಿನವೂ ಅದರ ಪಕ್ಕದಲ್ಲೇ ಹಾದುಹೋಗುತ್ತಿದ್ದರು. ಲಿಪಿ ಬದಲಾಗಿತ್ತು, ಓದುವವರು ಇರಲಿಲ್ಲ, ಆ ಖಾಲಿ ಜಾಗವನ್ನು ಕಥೆ ತುಂಬಿತು.

ಕಲ್ಲು ಹೇಳುವುದನ್ನು ಕೇಳಿ. ರಾಜರಾಜ ಪಟ್ಟಕ್ಕೆ ಬಂದದ್ದು 985ರಲ್ಲಿ. ಆಳ್ವಿಕೆಯ 25ನೇ ವರ್ಷದ 275ನೇ ದಿನ, ಅಂದರೆ 1010ರಲ್ಲಿ, ವಿಮಾನದ ತುದಿಗೆ ಇಡಲು 3,083 ಪಲ ತೂಕದ ತಾಮ್ರದ ಕಲಶ ಕೊಟ್ಟ. ಅದಕ್ಕೆ ಹೊದಿಸಲು 2,926½ ಕಳಂಜು ಚಿನ್ನ. ಪಲ, ಕಳಂಜು ಎರಡೂ ಆ ಕಾಲದ ತೂಕಗಳು. ಮರುವರ್ಷ, 26ನೇ ವರ್ಷದ 20ನೇ ದಿನ, ಒಂದು ಅಪ್ಪಣೆ ಮಾಡಿದ. ತಂಜಾವೂರಿನಲ್ಲಿ ನಾವು ಎತ್ತಿಸಿದ ಈ ಕಲ್ಲುಗುಡಿಯ ದೇವರಿಗೆ ನಾವು ಕೊಟ್ಟವು, ನಮ್ಮ ಅಕ್ಕ ಕೊಟ್ಟವು, ನಮ್ಮ ಹೆಂಡಿರು ಕೊಟ್ಟವು, ಮತ್ತೆ ಕೊಡುವವರು ಕೊಟ್ಟವು, ಎಲ್ಲವನ್ನೂ ವಿಮಾನದ ಕಲ್ಲಿನಲ್ಲೇ ಕೆತ್ತಿ ಎಂದು. ತಮಿಳಿನಲ್ಲಿ ‘ನಾಂ ಕುಡುತ್ತನವುಂ, ನಂ ಅಕ್ಕನ್ ಕುಡುತ್ತನವುಂ’. ಕನ್ನಡ ಕಿವಿಗೆ ಇದಕ್ಕೆ ಅನುವಾದವೇ ಬೇಡ. ಅಕ್ಕ ಎಂದರೆ ಕುಂದವೈ. ‘ಮತ್ತೆ ಕೊಡುವವರು’ ಎಂಬ ಆ ಮಾತಿನ ಪಕ್ಕ ಮಜ್ಜಿಗೆಯ ಮುದುಕಿಯನ್ನು ನಿಲ್ಲಿಸಿ ನೋಡಿ. ಗುಡಿ ರಾಜನೊಬ್ಬನದಲ್ಲ ಎಂದು ಊರ ಜನ ಕಥೆಯಲ್ಲಿ ಹೇಳಿದ್ದನ್ನು ರಾಜ ತಾನೇ ಕಲ್ಲಿನಲ್ಲಿ ಬರೆಸಿದ್ದ.

ಕೆಳಗಿನ ವಿವರಗಳಂತೂ ಮನೆಯ ಲೆಕ್ಕದ ಪುಸ್ತಕದಷ್ಟು ಸ್ಪಷ್ಟ. ಒಂದು ನಂದಾದೀಪಕ್ಕೆ 96 ಕುರಿ, ಇಲ್ಲವೇ 48 ಆಕಳು, ಇಲ್ಲವೇ 16 ಎಮ್ಮೆ. ಅವನ್ನು ವಹಿಸಿಕೊಂಡ ಕುರುಬ ದಿನಕ್ಕೆ ಒಂದು ಉಳಕ್ಕು (ಆಗಿನ ಒಂದು ಅಳತೆ) ತುಪ್ಪ ತಂದು ಅಳೆಯಬೇಕು. ಬೇರೆ ಬೇರೆ ಊರುಗಳ ಗುಡಿಗಳಿಂದ ಕರೆತಂದ 400 ನರ್ತಕಿಯರ ಹೆಸರು, ಪ್ರತಿಯೊಬ್ಬಳ ಮೂಲ ಊರು, ತಂಜಾವೂರಿನಲ್ಲಿ ಯಾವ ಬೀದಿಯ ಯಾವ ಸಾಲಿನ ಎಷ್ಟನೇ ಮನೆ ಎಂಬುದೆಲ್ಲ ಅಲ್ಲಿದೆ. ಒಬ್ಬೊಬ್ಬಳಿಗೆ ವರ್ಷಕ್ಕೆ 100 ಕಲಂ ಭತ್ತ; ಕಲಂ ಎಂದರೆ ಕಾಳು ಅಳೆಯುವ ಅಳತೆ. ಅದೇ ಪಟ್ಟಿಯಲ್ಲಿ ಕ್ಷೌರಿಕ, ಅಗಸ, ಕುಂಬಾರ, ದರ್ಜಿ, ಕೊಡೆ ಹಿಡಿಯುವವನು, ಲೆಕ್ಕ ಬರೆಯುವವನು.

ಹಾವೇರಿಯವರಾದ ನಿಮಗೆ ಇನ್ನೊಂದು ಮಾತು. ರಾಜರಾಜನ ಬಿರುದಾವಳಿಯಲ್ಲಿ ಗಂಗಪಾಡಿ, ನುಳಂಬಪಾಡಿ, ತಡಿಗೈಪಾಡಿ ಬರುತ್ತವೆ. ನಮ್ಮ ಗಂಗವಾಡಿ, ನೊಳಂಬವಾಡಿಗಳೇ ಅವು. ಚಾಲುಕ್ಯ ಸತ್ಯಾಶ್ರಯನನ್ನು ಗೆದ್ದು ಬಂದು ದೇವರಿಗೆ ಚಿನ್ನದ ಹೂವುಗಳನ್ನು ಅರ್ಪಿಸಿದ ಎಂದೂ ಅಲ್ಲಿ ಬರೆದಿದೆ. ಅದೇ ದಂಡಯಾತ್ರೆಯ ಇನ್ನೊಂದು ಮುಖ ಹಳೆಯ ಧಾರವಾಡ ಜಿಲ್ಲೆಯ ಹೊಟ್ಟೂರಿನಲ್ಲಿ 1007ರ ಕನ್ನಡ ಶಾಸನದಲ್ಲಿದೆ. ಚೋಳ ಒಂಬತ್ತು ಲಕ್ಷ ಸೇನೆಯೊಂದಿಗೆ ಬಂದು ನಾಡನ್ನು ಸೂರೆಮಾಡಿ ಹೆಂಗಸರು, ಮಕ್ಕಳು ಎನ್ನದೆ ಕೊಂದ, ಸತ್ಯಾಶ್ರಯ ಅವನನ್ನು ಓಡಿಸಿದ ಎಂದು. ಒಂಬತ್ತು ಲಕ್ಷವನ್ನು ಅಕ್ಷರಶಃ ನಂಬಬೇಕಿಲ್ಲ. ಶಾಸನವೂ ಉಬ್ಬಿಸಿ ಹೇಳುತ್ತದೆ, ಗೆದ್ದವನದೂ ಸೋತವನದೂ. ಕಲ್ಲಿನಲ್ಲಿದೆ ಎಂದ ಮಾತ್ರಕ್ಕೆ ಪೂರ್ತಿ ನಿಜವಾಗುವುದಿಲ್ಲ ಎಂಬುದನ್ನು ಮಗನಿಗೆ ಕಲಿಸಲು ಈ ಜೋಡಿಗಿಂತ ಒಳ್ಳೆಯ ಪಾಠ ಸಿಗಲಾರದು. ಆ ಚಿನ್ನದ ಹೂವಿನ ಮಾತು ನೆನೆದು ಕೈಮುಗಿಯುವಾಗ ಹೊಟ್ಟೂರಿನ ಮನೆಗಳೂ ನೆನಪಾಗಲಿ.

ಮನೆಯ ಜಗಳಕ್ಕೆ ಬರೋಣ. ಅಜ್ಜನ ಮನಸ್ಸಿಗೆ ನೋವಾಗದಿರಲಿ ಎಂದು ಕಥೆಗಳನ್ನೇ ಇತಿಹಾಸವೆಂದು ಬರೆಸಿದರೆ ಅಂಕ ಹೋಗುವುದು ಚಿಕ್ಕ ಮಾತು. ಒಂದು ಕಥೆ ಸುಳ್ಳಾದ ದಿನ ಹುಡುಗ 1010ನ್ನೂ ನಂಬುವುದಿಲ್ಲ. ಈಗಾಗಲೇ ಅಲ್ಲಿಗೆ ಬಂದಿದ್ದಾನೆ. ಕಥೆಗಳನ್ನೆಲ್ಲ ಹೊಡೆದುಹಾಕಿಸಿದರೆ ಅಜ್ಜ ಇನ್ನು ಮೊಮ್ಮಗನಿಗೆ ಬಾಯಿ ಬಿಡುವುದಿಲ್ಲ, ಕಥೆಯ ಒಳಗಿನ ಕಾಳು ಹೊಟ್ಟಿನ ಜೊತೆಗೇ ತೂರಿಹೋಗುತ್ತದೆ. ನಾನು ಒಪ್ಪುವ ದಾರಿ, ಪುಟವನ್ನು ಎರಡು ಅಂಕಣ ಮಾಡುವುದು. ಎಡಕ್ಕೆ ‘ಜನ ಹೇಳುವುದು’, ಅಜ್ಜನ ಬಾಯಿಂದ ಕೇಳಿ ಅವರ ಮಾತಿನಲ್ಲೇ. ಬಲಕ್ಕೆ ‘ಕಲ್ಲು ಹೇಳುವುದು, ಅಳತೆ ಹೇಳುವುದು’. ಇದರಲ್ಲೂ ಒಂದು ಅಪಾಯವಿದೆ: ಪ್ರತಿ ಕಥೆಗೂ ಒಂದು ವೈಜ್ಞಾನಿಕ ಕಾರಣ ಹುಡುಕಲೇಬೇಕೆಂಬ ಹಟ ಬಂದುಬಿಡುತ್ತದೆ. ನೆರಳಿಗೆ ಕಾರಣ ಸಿಕ್ಕಿತು. ನಂದಿಗೆ ಸಿಗುವುದಿಲ್ಲ, ಅಲ್ಲಿ ಬಲಗಡೆ ‘ನಾಯಕರ ಕಾಲದ ಏಕಶಿಲೆ’ ಎಂದಷ್ಟೇ ಬರೆಯಲಿ.

ಅಲ್ಲಿ ಹೀಗೆ ಮಾಡಿ. ಬೆಳಗ್ಗೆ 7ರ ಹೊತ್ತಿಗೆ ಒಳಗಿದ್ದು, ಕಲ್ಲು ಕಾಯುವ ಮುಂಚೆ ದರ್ಶನ ಮುಗಿಸಿ. ಮಧ್ಯಾಹ್ನ ಗರ್ಭಗುಡಿ ಮುಚ್ಚುತ್ತದೆ. 9ಕ್ಕೆ ಪಶ್ಚಿಮದ ಅಂಗಳದಲ್ಲಿ ನೆರಳು ಅಳೆಯಿರಿ. ಆ ಬದಿಯ ಪ್ರಾಕಾರದ ಗೋಡೆಯಲ್ಲಿ 1803ರ ಉದ್ದನೆಯ ಮರಾಠಿ ಶಾಸನವಿದೆ. 1670ರ ದಶಕದಲ್ಲಿ ಬೆಂಗಳೂರಿನಿಂದ ಹೋಗಿ ತಂಜಾವೂರು ಹಿಡಿದ ಏಕೋಜಿಯ ಭೋಂಸ್ಲೆ ಮನೆತನದ ಚರಿತ್ರೆ ಅದು, ಬರೆಸಿದವನು ಎರಡನೇ ಸರ್ಫೋಜಿ. ಗರ್ಭಗುಡಿಯ ಸುತ್ತಿನ ಒಳ ಓಣಿಯಲ್ಲಿ ನಾಯಕರ ಚಿತ್ರಗಳ ಅಡಿಯಿಂದ 1931ರಲ್ಲಿ ಬೆಳಕಿಗೆ ಬಂದ ಚೋಳರ ವರ್ಣಚಿತ್ರಗಳಿಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ, ಮಗನಿಗೆ ಆಸೆ ಹುಟ್ಟಿಸಬೇಡಿ.

ಕೊನೆಗೆ ವಿಮಾನದ ಉತ್ತರ ಬದಿಗೆ, ಚಂಡಿಕೇಶ್ವರನ ಚಿಕ್ಕ ಗುಡಿಯ ಕಡೆ ಬನ್ನಿ. ಅಕ್ಕ ಕೊಟ್ಟವು, ಕೊಡುವವರು ಕೊಟ್ಟವು ಎಂಬ ಆ ಅಪ್ಪಣೆ ಕೆತ್ತಿರುವುದು ಈ ಬದಿಯಲ್ಲಿ. ಅಕ್ಷರಗಳ ಮೇಲೆ ಕೈ ಉಜ್ಜುವುದು, ಅರಿಸಿನ-ಕುಂಕುಮ ಹಚ್ಚುವುದು ಬೇಡ. ಬಿಸಿಲು ಓರೆಯಾಗಿ ಬೀಳುವಾಗ ಗೀರುಗಳು ಚೆನ್ನಾಗಿ ಎದ್ದು ಕಾಣುತ್ತವೆ. ತಂದೆಯವರನ್ನು ಅಲ್ಲಿ ನೆರಳಿರುವ ಕಡೆ ಕೂರಿಸಿ, ಆ ಸಾಲಿನ ಅರ್ಥವನ್ನು ಮಗನಿಂದಲೇ ಓದಿಸಿ ಹೇಳಿಸಿ. ಮಜ್ಜಿಗೆಯ ಮುದುಕಿಯ ಕಥೆಯನ್ನು ತಂದೆಯವರು ಹೇಳಲಿ.